ಅದು ಅಮ್ಮನ ಕಾಲಲ್ಲ

“ಹುಟ್ಟಿದ ವರ್ಷ?” ಅತ್ತೆ ಕೇಳಿದಳು.

ಅಮ್ಮ ಹೇಳಿದಳು.

“ಅದು ನಿನ್ನದು! ನಿನ್ನದು ಯಾರಿಗೆ ಬೇಕು? ನನ್ನದು ಹೇಳು.”

ಅಮ್ಮ ಬಾಯಿ ತೆರೆದಳು. ಮಾತಿನ ಬದಲು ಕೆಮ್ಮು ಬಂತು. ಪಕ್ಕದಲ್ಲಿದ್ದ ಗಿಲಕಿ ಅತ್ತೆಯ ಹುಟ್ಟಿದ ವರ್ಷ, ತಿಂಗಳು, ತಾರೀಖು ಎಲ್ಲವನ್ನೂ ಪಟಪಟ ಹೇಳಿಬಿಟ್ಟಳು.

“ನಿನ್ನನ್ನ ಕೇಳಿದ್ನಾ?” ಅತ್ತೆ ಕಣ್ಣು ಬಿಟ್ಟಳು.

“ಅಮ್ಮಂಗೆ ಮಾತಾಡೋಕೆ ಆಗ್ತಿಲ್ಲ ಅತ್ತೆ.”

“ಆಗ್ಬೇಕು. ಗೇಟ್ ದಾಟಿದ್ಮೇಲೆ ಇವಳು ಇವಳಲ್ಲ, ನಾನು. ತಿಳೀತಾ?”

ವ್ಯಾನ್ ಒಂದು ಗುಂಡಿಗೆ ಇಳಿದು ಎದ್ದಿತು. ಒಗೆದು ಮಡಚಿದ ಬೆಡ್‌ಶೀಟುಗಳ ಗಂಟುಗಳ ನಡುವೆ ಮೂವರೂ ವಾಲಾಡಿದರು. ಅದು ಲಾಂಡ್ರಿಯ ವ್ಯಾನ್. ದಿನವೂ ಆಸ್ಪತ್ರೆಗೆ ಬಟ್ಟೆ ಕೊಂಡೊಯ್ಯುತ್ತಿತ್ತು. ಇವತ್ತು ಬಟ್ಟೆಯ ಜೊತೆ ಅಮ್ಮನೂ ಇದ್ದಳು.

ಅಮ್ಮ ಉಸಿರು ಹಿಡಿದುಕೊಂಡು ಹೇಳಿದಳು, “ಒಂದೇ ದಿನಕ್ಕೆ... ಇಷ್ಟು ಮುದುಕಿ ಆಗಿಬಿಟ್ಟೆ. ಹಲ್ಲೂ ಉದುರಿಸ್ಕೊಳ್ಬೇಕಾ ಅತ್ತಿಗೆ?”

“ಸುಮ್ನಿರೇ. ನನ್ನ ಹಲ್ಲೆಲ್ಲ ಗಟ್ಟಿಯಾಗಿವೆ.”

ಮುಂದೆ ಸ್ಟಿಯರಿಂಗ್ ಹಿಡಿದಿದ್ದ ವ್ಯಾನಣ್ಣ ಕಿಸಕ್ಕನೆ ನಕ್ಕ. ಅತ್ತೆ ನಗಲಿಲ್ಲ. ಕೊರಳಲ್ಲಿದ್ದ ಕಾರ್ಡನ್ನು ಬಿಚ್ಚಿ ಅಮ್ಮನ ಕೊರಳಿಗೆ ಹಾಕಿದಳು.

ಆ ಕಾರ್ಡ್ ಅತ್ತೆಯದು. ಈ ದೇಶದಲ್ಲಿ ಇರಬಹುದು, ಕೆಲಸ ಮಾಡಬಹುದು, ಕಾಯಿಲೆಯಾದರೆ ಆಸ್ಪತ್ರೆಗೆ ಹೋಗಬಹುದು ಎಂದು ಹೇಳುವ ಕಾರ್ಡ್. ಅತ್ತೆ ಎಲ್ಲರಿಗಿಂತ ಮೊದಲು ಬಂದವಳು. ಆಗ ಕಾರ್ಡ್ ಕೊಡುತ್ತಿದ್ದರು. ಅಪ್ಪ, ಅಮ್ಮ ಬರುವ ಹೊತ್ತಿಗೆ ಕೊಡುವುದನ್ನು ನಿಲ್ಲಿಸಿದ್ದರು. ಕೆಲಸ ಕೊಡುವುದನ್ನು ಮಾತ್ರ ಯಾರೂ ನಿಲ್ಲಿಸಿರಲಿಲ್ಲ.

ಅಪ್ಪ ದೂರದಲ್ಲಿ ಕಟ್ಟಡ ಕೆಲಸಕ್ಕೆ ಹೋಗಿದ್ದ. ಕಾಯಿಲೆ ಹರಡಬಾರದೆಂದು ಮಾಲೀಕರು ಕೆಲಸಗಾರರನ್ನೆಲ್ಲ ಸೈಟಿನೊಳಗೇ ಇಟ್ಟು ಹೊರಗಿನಿಂದ ಬೀಗ ಹಾಕಿದ್ದರು. ಫೋನಿನಲ್ಲಿ ಮಾತ್ರ ಸಿಗುತ್ತಿದ್ದ.

ಅತ್ತೆಗೆ ಲಾಂಡ್ರಿಯಲ್ಲಿ ಕೆಲಸ. ಇಸ್ತ್ರಿ ರೋಲರಿನ ಮುಂದೆ ದಿನವಿಡೀ ನಿಂತು ನಿಂತು ಅವಳ ಕಾಲು ಊದಿಕೊಳ್ಳುತ್ತಿತ್ತು. ಎಲ್ಲರೂ ಮಾಸ್ಕ್ ಹಾಕಬೇಕೆಂಬ ರೂಲ್ ಬಂದಾಗ ಅತ್ತೆಗೆ ಒಂದು ಐಡಿಯಾ ಹೊಳೆಯಿತು. ಕಣ್ಣೊಂದನ್ನು ಬಿಟ್ಟರೆ ಮುಖವೇ ಕಾಣುವುದಿಲ್ಲ. ಅಂದಮೇಲೆ ಅಮ್ಮ ಯಾಕೆ ಹೋಗಬಾರದು? ಅಂದಿನಿಂದ ಒಂದು ದಿನ ಅತ್ತೆ, ಒಂದು ದಿನ ಅಮ್ಮ. ಕೆಲಸ ಒಂದೇ, ಕಾರ್ಡ್ ಒಂದೇ, ಹೆಂಗಸರು ಇಬ್ಬರು. ಸೂಪರ್‌ವೈಸರ್ ಒಮ್ಮೆ ಅಮ್ಮನಿಗೆ, “ಈಗೀಗ ನಿನ್ನ ಕೈ ಚುರುಕಾಗಿದೆ” ಎಂದಿದ್ದನಂತೆ. ಅತ್ತೆ ಅವತ್ತು ರಾತ್ರಿ ಊಟ ಮಾಡುವಾಗ ಮೂತಿ ಊದಿಸಿಕೊಂಡಿದ್ದಳು.

ಲಾಂಡ್ರಿಗೆ ಬರುವ ಬಟ್ಟೆಯೆಲ್ಲ ಆಸ್ಪತ್ರೆಯದು. ಕಾಯಿಲೆ ಯಾವ ಗಂಟಿನಲ್ಲಿ ಬಂತೋ ಗೊತ್ತಿಲ್ಲ. ಮೊದಲು ಅಮ್ಮನಿಗೆ ಜ್ವರ ಬಂತು. ಆಮೇಲೆ ಕೆಮ್ಮು. ಗೋಡೆಯಾಚೆ ಕೇಳಿಸಬಾರದೆಂದು ದಿಂಬಿಗೆ ಬಾಯಿ ಒತ್ತಿಕೊಂಡು ಕೆಮ್ಮುತ್ತಿದ್ದಳು. “ಇವತ್ತು ನೋಡೋಣ, ನಾಳೆ ನೋಡೋಣ” ಎನ್ನುತ್ತಲೇ ದಿನ ಕಳೆಯಿತು. ಇವತ್ತು ಬೆಳಿಗ್ಗೆ ನೋಡಿದರೆ ಅಮ್ಮನ ತುಟಿಗೆ ಶಾಯಿ ಬಣ್ಣ ಬಂದಿತ್ತು. ಅತ್ತೆ ತಕ್ಷಣ ಹೋಗಿ ವ್ಯಾನಣ್ಣನನ್ನು ಕರೆದುಕೊಂಡು ಬಂದಿದ್ದಳು.

ಆಸ್ಪತ್ರೆಗೆ ಸ್ವಲ್ಪ ಮೊದಲೇ ಅತ್ತೆ ಇಳಿದುಕೊಂಡಳು. ಒಂದೇ ಹೆಸರಿನವರು ಇಬ್ಬರು ಒಟ್ಟಿಗೆ ಗೇಟಿಗೆ ಹೋಗುವ ಹಾಗಿರಲಿಲ್ಲ.

“ನಾನು ಆ ಬಸ್ ಸ್ಟಾಪಲ್ಲಿ ಕೂತಿರ್ತೀನಿ” ಎಂದು ಗಿಲಕಿಯ ಕಿವಿ ಹಿಡಿದಳು. “ಅವರು ಏನೇ ಕೇಳಲಿ, ನನ್ನದನ್ನೇ ಹೇಳ್ಬೇಕು. ಹೆಚ್ಚಿಗೆ ಒಂದು ಮಾತೂ ಬೇಡ. ನಿನ್ನ ಬಾಯಿ ಒಂದು ಸಲ ಶುರುವಾದ್ರೆ ನಿಲ್ಲಲ್ಲ.”

ಅದಕ್ಕೇ ಅವಳಿಗೆ ಗಿಲಕಿ ಎಂಬ ಹೆಸರು ಬಿದ್ದಿದ್ದು.

“ಹೂಂ” ಎಂದಳು ಗಿಲಕಿ.

ಗೇಟಿನಲ್ಲಿ ಗಾರ್ಡ್ ಕೈ ಚಾಚಿದ. “ಕಾರ್ಡ್?”

ಅಮ್ಮ ತೋರಿಸಿದಳು. ಅವನು ಕಾರ್ಡಿನ ಫೋಟೋ ನೋಡಿದ, ಅಮ್ಮನನ್ನು ನೋಡಿದ. ಮತ್ತೆ ಫೋಟೋ ನೋಡಿದ.

“ಮಾಸ್ಕ್ ತೆಗೀರಿ.”

ಅಮ್ಮ ಮಾಸ್ಕಿಗೆ ಕೈ ಹಾಕಿದಳು. ಅಷ್ಟರಲ್ಲಿ ಒತ್ತರಿಸಿಕೊಂಡು ಕೆಮ್ಮು ಬಂತು. ಗಾರ್ಡ್ ಹಾರಿ ಹಿಂದೆ ಸರಿದ.

“ಬೇಡ ಬೇಡ, ತೆಗೀಬೇಡಿ! ಹೋಗಿ ಒಳಗೆ, ಹೋಗಿ.”

ಒಳಗೆ ಅಂಗಳದಲ್ಲಿ ದೊಡ್ಡ ಟೆಂಟ್ ಹಾಕಿದ್ದರು. ಮಂಚಗಳ ಸಾಲು. ಪ್ರತಿ ಮಂಚಕ್ಕೂ ಪ್ಲಾಸ್ಟಿಕ್ ಪರದೆ. ತಲೆಯಿಂದ ಪಾದದವರೆಗೆ ಬಿಳಿ ಸೂಟ್ ಹಾಕಿಕೊಂಡ ಒಬ್ಬಳು ಓಡಿ ಬಂದಳು. ಮುಖ ಕಾಣುವ ಹಾಗಿರಲಿಲ್ಲ. ಎದೆಯ ಮೇಲೆ ಮಾರ್ಕರ್ ಪೆನ್ನಿನಿಂದ ‘ಸಿಸ್ಟರ್’ ಎಂದು ಬರೆದುಕೊಂಡಿದ್ದಳು.

ಅಮ್ಮನ ಬೆರಳಿಗೆ ಕ್ಲಿಪ್ಪಿನಂಥದ್ದೇನನ್ನೋ ಹಾಕಿ ನೋಡಿದ ಸಿಸ್ಟರ್ ತಕ್ಷಣ ಅವಳನ್ನು ಮಲಗಿಸಿ ಆಕ್ಸಿಜನ್ ಮಾಸ್ಕ್ ಕಟ್ಟಿದಳು.

“ಮಕ್ಕಳು ಇಲ್ಲಿ ಇರಬಾರದು. ದೊಡ್ಡವರು ಯಾರೂ ಬಂದಿಲ್ವಾ?”

“ಇಲ್ಲ” ಎಂದಳು ಗಿಲಕಿ.

“ಇವರಿಗೆ ಮಾತಾಡೋಕೆ ಆಗಲ್ಲ. ಸರಿ, ನಾನು ಕೇಳಿದ್ದಕ್ಕೆ ನೀನೇ ಉತ್ತರ ಹೇಳು. ಇದನ್ನ ಹಾಕ್ಕೋ.”

ಸಿಸ್ಟರ್ ಕೊಟ್ಟ ಗೌನು ಗಿಲಕಿಯ ಪಾದ ಮುಚ್ಚಿ ನೆಲದ ಮೇಲೂ ಹರಡಿತು. ತೋಳುಗಳು ಬೆರಳಿಗಿಂತ ಉದ್ದವಾಗಿ ಜೋತುಬಿದ್ದವು. ಅಮ್ಮ ಅವಳನ್ನು ನೋಡಿದಳು. ಮಾಸ್ಕಿನೊಳಗೆ ಸ್ವಲ್ಪ ನಕ್ಕಳೋ ಏನೋ. ಆಮೇಲೆ ಅವಳ ಬೆರಳುಗಳು ತಾನು ಮಲಗಿದ್ದ ಬೆಡ್‌ಶೀಟಿನ ಮೂಲೆಯನ್ನು ತಡವಿದವು. ಅಲ್ಲಿ ನೀಲಿ ದಾರದ ಹೊಲಿಗೆ ಇತ್ತು. ಅವರ ಲಾಂಡ್ರಿಯ ಗುರುತು. ಎಷ್ಟು ಒಗೆದಿದ್ದಳೋ, ಎಷ್ಟು ಮಡಚಿದ್ದಳೋ. ಮಲಗಿದ್ದು ಇದೇ ಮೊದಲು.

ಸಿಸ್ಟರ್ ಕಾರ್ಡನ್ನು ಒಂದು ಮೆಷಿನ್ನಿಗೆ ಮುಟ್ಟಿಸಿದಳು. ಕಂಪ್ಯೂಟರಿನಲ್ಲಿ ಅತ್ತೆ ತೆರೆದುಕೊಂಡಳು.

“ಲಸಿಕೆ ಆಗಿದೆ. ಒಳ್ಳೇದು.”

ಲಸಿಕೆ ಆಗಿದ್ದು ಅತ್ತೆಗೆ. ಲಾಂಡ್ರಿಯಲ್ಲಿ ಕಾರ್ಡಿಗೆ ಒಂದರಂತೆ ಹಾಕಿದ್ದರು. ಗಿಲಕಿ ತಲೆಯಾಡಿಸಿದಳು.

“ಬಿಪಿ ಇದೆಯಾ?”

ಬಿಪಿ ಇದ್ದದ್ದೂ ಅತ್ತೆಗೆ. ಗಿಲಕಿ ತಲೆಯಾಡಿಸಿದಳು.

“ಇವರಿಗೆ ಐವತ್ತು ದಾಟಿದೆಯಾ? ಹಾಗೆ ಕಾಣಲ್ವಲ್ಲ.”

“ಹೂಂ, ದಾಟಿದೆ” ಎಂದಳು ಗಿಲಕಿ. ಅವಳ ಧ್ವನಿ ಅವಳಿಗೇ ಕೇಳಿಸಲಿಲ್ಲ.

ಒಂದೊಂದು ಪ್ರಶ್ನೆಗೂ ಅಮ್ಮ ಒಂದಿಷ್ಟು ಅಳಿಸಿಹೋಗುತ್ತಿದ್ದಳು. ಮಂಚದ ಮೇಲೆ ಮಲಗಿದ್ದದ್ದು ಅಮ್ಮ. ಕಂಪ್ಯೂಟರಿನಲ್ಲಿ ಮಲಗಿದ್ದದ್ದು ಅತ್ತೆ. ಸಿಸ್ಟರ್ ಕಂಪ್ಯೂಟರಿನ ಕಡೆಗೇ ನೋಡುತ್ತಿದ್ದಳು.

ಡಾಕ್ಟರ್ ಬಂದರು. ಅವರೂ ಬಿಳಿ ಸೂಟಿನಲ್ಲಿದ್ದರು. ಅಮ್ಮನ ಬೆನ್ನಿಗೆ ಸ್ಟೆತಸ್ಕೋಪ್ ಇಟ್ಟು ಕೇಳಿಸಿಕೊಂಡು, “ಎದೆಯಲ್ಲಿ ಕಫ ಕಟ್ಟಿದೆ. ಪೆನ್ಸಿಲಿನ್ ಶುರು ಮಾಡಿ” ಎಂದು ಮುಂದಿನ ಪರದೆಯೊಳಗೆ ಹೋದರು.

ಪೆನ್ಸಿಲಿನ್.

ಹಿಂದಿನ ವರ್ಷ ಅಮ್ಮನಿಗೆ ಗಂಟಲು ನೋವು ಬಂದಿತ್ತು. ಡಾಕ್ಟರ ಹತ್ತಿರ ಹೋಗುವಂತಿರಲಿಲ್ಲ. ಮೆಡಿಕಲ್ ಶಾಪಿನವನು ಒಂದು ಕ್ಯಾಪ್ಸೂಲ್ ಕೊಟ್ಟಿದ್ದ. ನುಂಗಿದ ಸ್ವಲ್ಪ ಹೊತ್ತಿಗೆ ಅಮ್ಮನ ಮುಖ ಕುಂಬಳಕಾಯಿಯಾಯಿತು. ಕಣ್ಣು ಎರಡೂ ಮುಚ್ಚಿಹೋದವು. ಗಂಟಲಿನಿಂದ ಸೀಟಿ ಊದಿದಂಥ ಸದ್ದು. ಅಪ್ಪ ಅಮ್ಮನನ್ನು ಎತ್ತಿಕೊಂಡು ಶಾಪಿಗೆ ಓಡಿದ್ದ. ಶಾಪಿನವನು ಒಂದು ಇಂಜೆಕ್ಷನ್ ಚುಚ್ಚಿದ. ಬದುಕಿಕೊಂಡಳು. “ಇವರಿಗೆ ಪೆನ್ಸಿಲಿನ್ ಜಾತಿಯ ಔಷಧಿ ಯಾವುದೂ ಆಗಲ್ಲ. ಇನ್ನೊಂದು ಸಲ ಕೊಟ್ರೆ ಕತೆ ಮುಗೀತು. ಆ ಹೆಸರು ನೆನಪಿಟ್ಕೊಳ್ಳಿ” ಎಂದಿದ್ದ. ಮನೆಯಲ್ಲಿ ಶಾಲೆಗೆ ಹೋಗುತ್ತಿದ್ದವಳು ಗಿಲಕಿ ಒಬ್ಬಳೇ. ಶಾಲೆಯವರು ಕಾರ್ಡ್ ಕೇಳಿರಲಿಲ್ಲ. ನೆನಪಿಟ್ಟುಕೊಳ್ಳುವ ಕೆಲಸ ಅವಳಿಗೇ ಬಿದ್ದಿತ್ತು.

ಸಿಸ್ಟರ್ ಕಂಪ್ಯೂಟರ್ ಓದಿದಳು. “ಎರಡು ವರ್ಷದ ಹಿಂದೆ ಇದೇ ಇಂಜೆಕ್ಷನ್ ತಗೊಂಡಿದೀರಿ. ಏನೂ ತೊಂದ್ರೆ ಆಗಿಲ್ಲ. ಅಲ್ವಾ ಅಮ್ಮ?”

ಅಮ್ಮ ಕಣ್ಣು ತೆರೆದಳು. ಏನು ಕೇಳಿದರೂ ಹೂಂ ಅನ್ನು ಎಂದು ಅತ್ತೆ ಹೇಳಿದ್ದಳು. ಅಮ್ಮ ಹೂಂ ಎಂದು ತಲೆಯಾಡಿಸಿದಳು.

ಸಿಸ್ಟರ್ ಸಿರಿಂಜಿಗೆ ಔಷಧಿ ಎಳೆದುಕೊಂಡಳು.

ಹೆಚ್ಚಿಗೆ ಒಂದು ಮಾತೂ ಬೇಡ. ಅತ್ತೆ ಹಿಡಿದಿದ್ದ ಕಿವಿ ಇನ್ನೂ ಬಿಸಿಯಾಗಿತ್ತು. ಹೇಳಿದರೆ ಕಾರ್ಡ್ ಹೋಗುತ್ತದೆ. ಕಾರ್ಡ್ ಹೋದರೆ ಲಾಂಡ್ರಿ ಹೋಗುತ್ತದೆ. ಪೊಲೀಸರು ಬರಬಹುದು. ಪಕ್ಕದ ಬೀದಿಯ ಟೈಲರ್‌ನ ಮನೆಗೆ ಬಂದಿದ್ದರು. ಆಮೇಲೆ ಆ ಮನೆಯಲ್ಲಿ ಬೇರೆ ಯಾರೋ ಇದ್ದರು.

ಸಿಸ್ಟರ್ ಅಮ್ಮನ ತೋಳಿಗೆ ಹತ್ತಿ ಉಜ್ಜಿದಳು.

“ಸಿಸ್ಟರ್, ಅದು ಬೇಡ. ಅಮ್ಮಂಗೆ ಅದು ಆಗಲ್ಲ.”

“ಇಲ್ಲಿ ಇದೆಯಲ್ಲ ಪುಟ್ಟಾ. ಕಾಲಿಗೆ ಗಾಯ ಆದಾಗ ಕೊಟ್ಟಿದಾರೆ. ಏನೂ ಆಗಿಲ್ಲ.”

“ಅದು ಅಮ್ಮನ ಕಾಲಲ್ಲ.”

“ಏನು?”

“ಅದು ಅತ್ತೆ ಕಾಲು.”

ಅಮ್ಮನ ಕೈ ಬಂದು ಗಿಲಕಿಯ ಗೌನಿನ ತೋಳನ್ನು ಹಿಡಿದು ಜಗ್ಗಿತು. ಜೋರಾಗಿಯೇ ಜಗ್ಗಿತು. ಸಾಕು, ಬಾಯಿ ಮುಚ್ಚು ಎಂದು. ತೋಳು ಉದ್ದವಿತ್ತು. ಎಷ್ಟು ಜಗ್ಗಿದರೂ ಬಟ್ಟೆಯಷ್ಟೇ ಅಮ್ಮನ ಕೈಗೆ ಹೋಯಿತು.

“ಕಾರ್ಡ್ ಅತ್ತೇದು” ಎಂದಳು ಗಿಲಕಿ. ಈಗ ನಿಲ್ಲಿಸಲು ಅವಳಿಗೆ ಆಗಲಿಲ್ಲ. “ಲಸಿಕೆ ಅತ್ತೇದು, ಬಿಪಿ ಅತ್ತೇದು, ವಯಸ್ಸೂ ಅತ್ತೇದು. ಅಮ್ಮಂಗೆ ಲಸಿಕೆ ಹಾಕಿಲ್ಲ. ಪೆನ್ಸಿಲಿನ್ ಕೊಟ್ರೆ ಗಂಟಲು ಮುಚ್ಕೊಳ್ಳುತ್ತೆ. ನಾನು ನೋಡಿದೀನಿ.”

ಸಿಸ್ಟರ್ ಸಿರಿಂಜ್ ಹಿಡಿದೇ ನಿಂತಳು. ಆಮೇಲೆ ಬೆಡ್‌ಶೀಟನ್ನು ಸ್ವಲ್ಪ ಸರಿಸಿ ಅಮ್ಮನ ಕಾಲುಗಳನ್ನು ನೋಡಿದಳು. ಎರಡರಲ್ಲೂ ಗಾಯದ ಗುರುತು ಇರಲಿಲ್ಲ. ಸಿರಿಂಜನ್ನು ಟ್ರೇಯಲ್ಲಿ ಇಟ್ಟಳು.

“ಡಾಕ್ಟರ್” ಎಂದು ಕೂಗಿದಳು. “ಈ ಪೇಷಂಟ್‌ಗೆ ಪೆನ್ಸಿಲಿನ್ ಅಲರ್ಜಿ. ಕಾರ್ಡ್ ಬೇರೆಯವರದ್ದು. ಇವರ ಹತ್ತಿರ ಕಾರ್ಡಿಲ್ಲ.”

ಡಾಕ್ಟರ್ ಪರದೆಯಿಂದ ತಲೆ ಹೊರಗೆ ಹಾಕಿದರು. ಬೇರೆ ಔಷಧಿಯ ಹೆಸರು ಹೇಳಿದರು. ಆಮೇಲೆ, “ಕಾರ್ಡ್ ಯಾಕೆ? ಈ ಕಾಯಿಲೆಗೆ ಕಾರ್ಡ್ ಬೇಡವಲ್ಲ” ಎಂದರು.

“ಬೇಡ್ವಾ?” ಎಂದಳು ಗಿಲಕಿ.

“ಬೇಡ. ಯಾರು ಬಂದ್ರೂ ನೋಡ್ಬೇಕು ಅಂತ ಆದೇಶ ಬಂದು ತಿಂಗಳ ಮೇಲಾಯ್ತು.”

“ನಮಗೆ ಯಾರೂ ಹೇಳಲಿಲ್ಲ.”

“ವೆಬ್‌ಸೈಟಲ್ಲಿ ಹಾಕಿದಾರಲ್ಲ” ಎಂದು ಡಾಕ್ಟರ ತಲೆ ಒಳಗೆ ಹೋಯಿತು.

“ಗೇಟಲ್ಲಿ ಕೇಳಿದ್ರು. ಕಾರ್ಡ್ ಅಂತ.”

ಸಿಸ್ಟರ್ ಹೊಸ ಔಷಧಿಯ ಬಾಟಲಿಯನ್ನು ಸ್ಟ್ಯಾಂಡಿಗೆ ನೇತುಹಾಕುತ್ತಾ, “ಗೇಟಿನವನೂ ವೆಬ್‌ಸೈಟ್ ನೋಡಿಲ್ಲ” ಎಂದಳು.

ಔಷಧಿ ಒಂದೊಂದೇ ಹನಿ ಇಳಿಯತೊಡಗಿತು. ಗಿಲಕಿ ಅಮ್ಮನ ಮುಖವನ್ನೇ ನೋಡುತ್ತಾ ನಿಂತಳು. ಮುಖ ಊದಲಿಲ್ಲ. ಗಂಟಲಿನಿಂದ ಸೀಟಿ ಬರಲಿಲ್ಲ. ಅಮ್ಮ ಮಾತ್ರ ಕಣ್ಣು ಮುಚ್ಚಿಕೊಂಡಿದ್ದಳು. ಕಣ್ಣಿನ ಅಂಚಿನಿಂದ ನೀರು ಇಳಿದು ಕಿವಿಯ ಕಡೆಗೆ ಹೋಗುತ್ತಿತ್ತು.

“ಪೊಲೀಸ್‌ಗೆ ಹೇಳ್ತೀರಾ?” ಗಿಲಕಿ ಕೇಳಿದಳು.

“ನಾನ್ಯಾಕೆ ಹೇಳಲಿ? ಯಾರಿಗೂ ಹೇಳಬಾರದು ಅಂತ ಅದೇ ಆದೇಶದಲ್ಲಿದೆ.”

“ಆಮೇಲೆ ಆದೇಶ ಬದಲಾಯಿಸಿದ್ರೆ?”

ಸಿಸ್ಟರ್ ಕಂಪ್ಯೂಟರಿನಲ್ಲಿ ಅತ್ತೆಯನ್ನು ಮುಚ್ಚಿ ಖಾಲಿ ಪುಟ ತೆರೆದಳು. ಅಮ್ಮನ ಹೆಸರು ಕೇಳಿದಳು, ವಯಸ್ಸು ಕೇಳಿದಳು. ಗಿಲಕಿ ಎಲ್ಲ ನಿಜ ಹೇಳಿದಳು. ಬಾಯಿಪಾಠ ಮಾಡಿದ ಸುಳ್ಳಿನಷ್ಟು ಸುಲಭವಾಗಿ ನಿಜ ಬಾಯಿಗೆ ಬರಲಿಲ್ಲ. ನಡುನಡುವೆ ತಡವರಿಸಿದಳು.

“ಬದುಕ್ತಾಳಾ ಅಮ್ಮ?”

“ಬಂದಾಗಿನದಕ್ಕಿಂತ ಈಗ ಉಸಿರು ಪರವಾಗಿಲ್ಲ. ಸ್ವಲ್ಪ ದಿನ ಇಲ್ಲೇ ಇರ್ಬೇಕು. ಇನ್ನೂ ಬೇಗ ಕರ್ಕೊಂಡು ಬಂದಿದ್ರೆ ಇಷ್ಟು ಕಷ್ಟ ಇರ್ತಿರ್ಲಿಲ್ಲ.” ಸಿಸ್ಟರ್ ಟೈಪ್ ಮಾಡುತ್ತಲೇ ಕೇಳಿದಳು. “ನೀವು ಇರೋ ಕಡೆ ಒಂದೇ ನಲ್ಲಿ, ಒಂದೇ ಟಾಯ್ಲೆಟ್ ಬಳಸೋರು ಇನ್ನೂ ಯಾರಾದ್ರೂ ಇದಾರಾ? ಅವರಿಗೂ ಹರಡಿರುತ್ತೆ. ಹೆಸರು ಹೇಳು, ನಾವೇ ಟೆಸ್ಟ್ ಮಾಡೋಕೆ ಬರ್ತೀವಿ.”

ಗಿಲಕಿ ಬಾಯಿ ತೆರೆದಳು.

ಲಾಂಡ್ರಿಯ ಹಿಂದಿನ ಆ ಕಟ್ಟಡದಲ್ಲಿ ಸಾಲಾಗಿ ಕೋಣೆಗಳಿದ್ದವು. ಪಕ್ಕದ ಕೋಣೆಯಲ್ಲಿ ವಾಚ್ ರಿಪೇರಿ ತಾತ. ಅದರಾಚೆ ಪಾತ್ರೆ ತೊಳೆಯುವ ಅಣ್ಣತಮ್ಮಂದಿರು. ಕೊನೆಯಲ್ಲಿ ಬಸುರಿ ಅಕ್ಕ. ಎಲ್ಲರ ಹೆಸರೂ ಅವಳಿಗೆ ಗೊತ್ತಿತ್ತು. ಯಾರ ಹತ್ತಿರವೂ ಕಾರ್ಡ್ ಇರಲಿಲ್ಲ ಎಂಬುದೂ ಗೊತ್ತಿತ್ತು. ಮಂಚದ ಮೇಲೆ ಅಮ್ಮ ಕಣ್ಣು ಬಿಟ್ಟು ಅವಳನ್ನೇ ನೋಡುತ್ತಿದ್ದಳು. ಈ ಸಲ ತೋಳು ಜಗ್ಗಲಿಲ್ಲ.

“ಇದಾರೆ” ಎಂದಳು ಗಿಲಕಿ. “ಅವರನ್ನ ಕೇಳಿ ಬಂದು ಹೇಳ್ತೀನಿ.”

“ಅಷ್ಟರಲ್ಲಿ ಯಾರಿಗಾದ್ರೂ ಜಾಸ್ತಿ ಆದ್ರೆ?”

“ಬೇಗ ಕೇಳ್ತೀನಿ.”

ಸಿಸ್ಟರ್ ಟೆಂಟಿನ ಫೋನ್ ನಂಬರನ್ನು ಒಂದು ಚೀಟಿಯ ಮೇಲೆ ಬರೆದು, ಅತ್ತೆಯ ಕಾರ್ಡಿನ ಜೊತೆ ಕೊಟ್ಟಳು.

ಬಸ್ ಸ್ಟಾಪಿನಲ್ಲಿ ಅತ್ತೆ ಸೆರಗಿನಿಂದ ಕತ್ತು ಒರೆಸಿಕೊಳ್ಳುತ್ತಾ ಕೂತಿದ್ದಳು. ಗಿಲಕಿಯನ್ನು ಕಂಡು ಎದ್ದು ನಿಂತಳು.

“ಅಮ್ಮನ್ನ ಮಲಗಿಸಿದಾರೆ. ಆಕ್ಸಿಜನ್ ಹಾಕಿದಾರೆ. ಪರವಾಗಿಲ್ವಂತೆ” ಎಂದು ಗಿಲಕಿ ಒಂದೇ ಉಸಿರಿಗೆ ಹೇಳಿ, ನಿಲ್ಲಿಸಿ, “ನಾನು ಎಲ್ಲ ಹೇಳಿಬಿಟ್ಟೆ” ಎಂದಳು.

ಅತ್ತೆಯ ಕೈ ಮೇಲೆದ್ದಿತು. ಗಿಲಕಿ ಕಣ್ಣು ಮುಚ್ಚಿಕೊಂಡಳು. ಏಟು ಬೀಳಲಿಲ್ಲ.

“ಎಲ್ಲ ಅಂದ್ರೆ?”

“ಪೆನ್ಸಿಲಿನ್ ಚುಚ್ಚೋದ್ರಲ್ಲಿದ್ರು. ನಿಮ್ಮ ಕಾಲಿಗೆ ಗಾಯ ಆದಾಗ ಕೊಟ್ಟಿದ್ರಂತಲ್ಲ, ಅದು ಕಂಪ್ಯೂಟರಲ್ಲಿತ್ತು.”

ಅತ್ತೆ ಮೆಲ್ಲಗೆ ಬೆಂಚಿನ ಮೇಲೆ ಕೂತಳು. ತನ್ನ ಎಡಗಾಲನ್ನು ನೋಡಿಕೊಂಡಳು. ಅದು ಏನೋ ತಪ್ಪು ಮಾಡಿದೆ ಎಂಬಂತೆ ತುಂಬಾ ಹೊತ್ತು ನೋಡಿದಳು.

“ಕಾರ್ಡ್ ಎಲ್ಲಿ?”

ಗಿಲಕಿ ಕೊಟ್ಟಳು. “ಕಿತ್ಕೊಳ್ಳಲಿಲ್ಲ. ಈ ಕಾಯಿಲೆಗೆ ಕಾರ್ಡೇ ಬೇಡ್ವಂತೆ ಅತ್ತೆ. ಯಾರು ಬಂದ್ರೂ ನೋಡ್ತಾರಂತೆ.”

“ಯಾರು ಹೇಳಿದ್ದು?”

“ಡಾಕ್ಟ್ರು.”

“ಯಾವಾಗಿಂದ ಬೇಡ್ವಂತೆ?”

“ತಿಂಗಳ ಮೇಲಾಯ್ತಂತೆ.”

ಅತ್ತೆ ಏನೋ ಹೇಳಲು ಹೊರಟಳು. “ಹಾಗಾದ್ರೆ ಅವತ್ತೇ...” ಎಂದಳು. “ಜ್ವರ ಬಂದ ದಿನಾನೇ...” ಎಂದಳು. ಕಾರ್ಡನ್ನು ಮುಷ್ಟಿಯೊಳಗೆ ಹಿಡಿದು ಮಡಚಲು ನೋಡಿದಳು. ಗಟ್ಟಿ ಪ್ಲಾಸ್ಟಿಕ್. ಅದು ಬಾಗಲಿಲ್ಲ. ಮತ್ತೆ ಕೊರಳಿಗೆ ಹಾಕಿಕೊಂಡಳು.

“ಇನ್ಮೇಲೆ ದಿನಾ ನಾನೇ ನಿಲ್ಬೇಕು ರೋಲರ್ ಮುಂದೆ” ಎಂದಳು.

ಇಬ್ಬರೂ ನಡೆದೇ ಮನೆಗೆ ಬಂದರು. ಅತ್ತೆ ನಲ್ಲಿಯ ಹತ್ತಿರ ಕೈಕಾಲು ತೊಳೆಯುತ್ತಾ ನಿಂತಳು. ಗಿಲಕಿ ಅವಳಿಗೆ ಕಾಯಲಿಲ್ಲ. ವಾಚ್ ರಿಪೇರಿ ತಾತನ ಬಾಗಿಲಿಗೆ ಹೋಗಿ ತಟ್ಟಿದಳು.

ಒಳಗೆ ಮಾತು ನಿಂತುಹೋಯಿತು. ಲೈಟ್ ಆರಿತು. ಚಪ್ಪಲಿ ಸರಿದ ಸದ್ದು. ಆಮೇಲೆ ಯಾರೋ ಬಟ್ಟೆಗೆ ಬಾಯಿ ಒತ್ತಿಕೊಂಡು ಕೆಮ್ಮಿದರು. ಅಂಥ ಕೆಮ್ಮು ಹೇಗಿರುತ್ತದೆಂದು ಗಿಲಕಿಗೆ ಚೆನ್ನಾಗಿ ಗೊತ್ತಿತ್ತು.

ಮತ್ತೆ ತಟ್ಟಲು ಎತ್ತಿದ ಕೈಯನ್ನು ಅವಳು ಕೆಳಗಿಳಿಸಿದಳು. ಒಂದು ಹೆಜ್ಜೆ ಹಿಂದೆ ಸರಿದು, ಹೊಸ್ತಿಲಿನಿಂದ ಸ್ವಲ್ಪ ದೂರದಲ್ಲಿ ನೆಲದ ಮೇಲೆ ಕೂತಳು.

“ತಾತಾ, ನಾನು ಗಿಲಕಿ” ಎಂದಳು. “ನೀವು ಬಾಗಿಲು ತೆಗೀಬೇಡಿ. ಒಳಗಿಂದಾನೇ ಕೇಳಿಸ್ಕೊಳ್ಳಿ.”